ಮನೆಗಾಡಿಯ ಎರಡನೆಯ ಬ್ಯಾಟರಿ

ನನ್ನ ನೆನಪನ್ನು ನಾನು ನಂಬುವುದಿಲ್ಲ. ನಂಬುವುದಿಲ್ಲ ಎಂದು ಕಂಡಕಂಡವರ ಹತ್ತಿರ ಹೇಳಿಕೊಂಡು ತಿರುಗುತ್ತೇನೆ. ಆದರೆ ಜಗಳದ ಹೊತ್ತಿಗೆ ಮಾತ್ರ ಅದನ್ನೇ ಮೊದಲು ಸಾಕ್ಷಿಗೆ ಕರೆಯುತ್ತೇನೆ. ಈ ಕಾರಣಕ್ಕೇ ಮದುವೆಯಾದ ವರ್ಷದಿಂದ ದಿನಚರಿ ಬರೆಯುತ್ತಿದ್ದೇನೆ. ಅದರಲ್ಲಿ ಸಾಹಿತ್ಯ ಏನೂ ಇಲ್ಲ. ಯಾರು ಬಂದರು, ಏನು ಅಡುಗೆ, ಯಾರು ಯಾರಿಗೆ ಏನೆಂದರು, ಅಷ್ಟೇ. ಮೂವತ್ತು ವರ್ಷ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಕಲಿಸಿದವಳಾದ್ದರಿಂದ ಪ್ರಯೋಗ ಮುಗಿದ ದಿನವೇ ದಾಖಲೆ ಬರೆದಿಡಬೇಕೆಂಬ ಚಟ ಬಿಟ್ಟಿಲ್ಲ. ಈ ಚಟದಿಂದ ನನಗೆ ಒಳ್ಳೆಯದಾಗಿದೆ ಎಂದೇ ಮೊನ್ನೆಮೊನ್ನೆಯವರೆಗೂ ತಿಳಿದಿದ್ದೆ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಮನೆಯವರು ಮುಂಬಯಿಯ ಕ್ಯಾಂಟೀನು ಮುಚ್ಚಿ ಊರಿಗೆ ಬಂದ ಮೇಲೆ ಎರಡು ವರ್ಷ ಸುಮ್ಮನಿದ್ದರು. ಮೂರನೆಯ ವರ್ಷ ಮದುವೆ ದಿಬ್ಬಣ ಹೊತ್ತು ಸವೆದಿದ್ದ ಒಂದು ಮಿನಿ ಬಸ್ಸನ್ನು ತಂದು ಅಂಗಳದಲ್ಲಿ ನಿಲ್ಲಿಸಿದರು. ಸೀಟುಗಳನ್ನು ಕಿತ್ತರು. ಮಂಚ ಹಾಕಿಸಿದರು, ಒಂದು ಗ್ಯಾಸಿನ ಒಲೆ, ಒಂದು ಪುಟ್ಟ ಸಿಂಕು, ನಾಲ್ಕು ದೀಪ, ಒಂದು ಫ್ಯಾನು, ಕುರ್ಚಿಯಷ್ಟು ಎತ್ತರದ ಒಂದು ಫ್ರಿಜ್ಜು. ಅದಕ್ಕೆ ಅವರು ಇಟ್ಟ ಹೆಸರು ಮನೆಗಾಡಿ. "ಇನ್ ಮೇಲ್ ಯಾರ್ ಮನಿಗೂ ಹೋಯ್ಕಂದಿಲ್ಲ ಮಾರಾಯ್ತಿ. ನಮ್ ಮನಿಯೇ ನಮ್ ಒಟ್ಟಿಗ್ ಬತ್ತ್," ಎಂದರು.

ಮನೆ ಒಟ್ಟಿಗೆ ಬರುವುದು ಆಮೆಗೆ ಸರಿ, ಅದಕ್ಕೆ ಬೇರೆ ದಾರಿಯಿಲ್ಲ. ಮನುಷ್ಯರು ಯಾಕೆ ಹೀಗೆ ಆಸೆಪಡುತ್ತಾರೋ ನನಗೆ ಅರ್ಥವಾಗಿಲ್ಲ. ಇವರು ಮೊಬೈಲಿನಲ್ಲಿ ನೋಡುವ ವಿಡಿಯೋಗಳನ್ನು ನಾನೂ ಹಿಂದಿನಿಂದ ಇಣುಕಿ ನೋಡಿದ್ದೇನೆ. ಎಲ್ಲದರಲ್ಲೂ ಒಬ್ಬ ಗಡ್ಡದವನು ಕಡಲ ಎದುರು ಗಾಡಿ ನಿಲ್ಲಿಸಿ, ಹಿಂದಿನ ಬಾಗಿಲು ತೆರೆದು, ಚಹಾ ಕುಡಿಯುತ್ತ ಸ್ವಾತಂತ್ರ್ಯದ ಬಗ್ಗೆ ಮಾತಾಡುತ್ತಾನೆ. ಅವನ ಸ್ವಾತಂತ್ರ್ಯಕ್ಕೆ ಹಿಂದೆ ಮುಂದೆ ಹನ್ನೊಂದು ವೈರು. ಬಾರ್ಕೂರು ರಾಜಧಾನಿಯಾಗಿದ್ದ ಕಾಲದಲ್ಲಿ ಅರಸರು ಸೀಮೆ ನೋಡಲು ಹೊರಟರೆ ಡೇರೆ ಹೊತ್ತೊಯ್ಯುತ್ತಿದ್ದರೇ ಹೊರತು ಅರಮನೆಯನ್ನಲ್ಲ. ಅರಸರಿಗೇ ಇಲ್ಲದ ಈ ಹುಚ್ಚು ಬಾರ್ಕೂರಿನ ಗದ್ದೆಯ ಮನೆಯಲ್ಲಿ ಹುಟ್ಟಿದ ನಮ್ಮವರಿಗೆ ಎಲ್ಲಿಂದ ಬಂತು? ಬ್ರಹ್ಮಾವರದ ನಮ್ಮ ಮನೆಯಿಂದ ಬೈಂದೂರಿಗೆ ಬಸ್ಸು ಹತ್ತಿದರೆ ಸಮುದ್ರ ನೋಡಿ, ಮಧ್ಯಾಹ್ನದ ಊಟಕ್ಕೆ ಮನೆಗೆ ವಾಪಸು ಬರಬಹುದು. ಅಷ್ಟು ದೂರಕ್ಕೆ ಸಿಂಕು ಹೊತ್ತುಕೊಂಡು ಹೋಗಬೇಕೆ?

ಹೋದೆವು. ಮೊದಲ ಸವಾರಿ ಬೈಂದೂರಿಗೇ. ಕಡಲ ಎದುರು ಗಾಡಿ ನಿಲ್ಲಿಸಿದೆವು, ಹಿಂದಿನ ಬಾಗಿಲು ತೆರೆದೆವು, ಚಹಾ ಆಯಿತು. ಗಡ್ಡ ಒಂದು ಇರಲಿಲ್ಲ. ಹನ್ನೆರಡು ಗಂಟೆಯ ಹೊತ್ತಿಗೆ ಗುಂಯ್‌ಗುಡುತ್ತಿದ್ದ ಫ್ರಿಜ್ಜು ಸುಮ್ಮನಾಯಿತು.

ಬೇರೆಯವರಾಗಿದ್ದರೆ ಬಂಗುಡೆ ಮೀನು ಕೆಡುತ್ತದೆ ಎಂದು ಹೆದರುತ್ತಿದ್ದರು. ನಮ್ಮ ಫ್ರಿಜ್ಜಿನಲ್ಲಿದ್ದದ್ದು ಇವರ ಇನ್ಸುಲಿನ್. ದಿನಕ್ಕೆ ಮೂರು ಸಲ ಚುಚ್ಚಿಕೊಳ್ಳಬೇಕು. ನಾಲ್ಕು ದಿನ ತಿರುಗುವ ಉಮೇದಿನಲ್ಲಿ ಪೂರ್ತಿ ದಾಸ್ತಾನನ್ನೇ ಅದರೊಳಗೆ ತುಂಬಿಸಿದ್ದರು. ತಗಡಿನ ಗಾಡಿ, ಕರಾವಳಿಯ ಬಿಸಿಲು. ಒಳಗೆ ಕೈಯಿಟ್ಟರೆ ಅಪ್ಪಕ್ಕೆ ಹಿಟ್ಟು ಹುಳಿಯಲು ಇಡಬಹುದಾದಷ್ಟು ಬೆಚ್ಚಗಿತ್ತು. ಸ್ವಾತಂತ್ರ್ಯವನ್ನು ಅಲ್ಲಿಯೇ ಬಿಟ್ಟು, ಬಾಗಿಲು ಮುಚ್ಚಿ, ಮನೆಗೆ ಓಡಿಬಂದೆವು.

ಗಾಡಿಯಲ್ಲಿ ಎರಡು ಬಗೆಯ ಬ್ಯಾಟರಿ ಇರುತ್ತದೆ. ಒಂದು ಎಂಜಿನ್ನಿನದು, ಗಾಡಿ ಶುರು ಮಾಡುವುದಷ್ಟೇ ಅದರ ಕೆಲಸ, ಅದನ್ನು ಬೇರೆ ಯಾವುದಕ್ಕೂ ಕರೆಯಬಾರದು. ಇನ್ನೊಂದು ಮನೆಯದು, ದೀಪ, ಫ್ಯಾನು, ಫ್ರಿಜ್ಜು ಎಲ್ಲವನ್ನೂ ಸಾಕುವುದು ಅದೇ. ನಮ್ಮ ಮನೆಯ ಬ್ಯಾಟರಿ ಹೊಸದೇ, ಆದರೆ ಒಂದೇ ಒಂದು. ಇನ್ನೊಂದು ಜೋಡಿಸಬೇಕು ಎಂದು ತೀರ್ಮಾನವಾಯಿತು. ತೀರ್ಮಾನವಾದ ಗಳಿಗೆಯಿಂದ ನಮ್ಮ ಅಂಗಳಕ್ಕೆ ತಜ್ಞರು ಬರತೊಡಗಿದರು. ಮನೆಗೆ ಇನ್ವರ್ಟರ್ ಹಾಕಿಸಿಕೊಂಡವರೆಲ್ಲ ತಜ್ಞರು. ಒಬ್ಬರು ಬ್ಯಾಟರಿಯ ಮೇಲೆ ತೆಂಗಿನೆಣ್ಣೆ ಸವರಿ ಎಂದರು, ಒಬ್ಬರು ಕೆಳಗೆ ಮರಳು ಹಾಕಿ ಎಂದರು. ಚಹಾ ಬೇಡ ಎಂದವರು ಒಬ್ಬರೂ ಇಲ್ಲ.

ಅದು ಮಳೆಗಾಲ. ಗಂಗೊಳ್ಳಿಯಲ್ಲಿ ಬೋಟುಗಳೆಲ್ಲ ದಡ ಸೇರಿದ್ದವು. ಮೀನು ಹಿಡಿಯುವುದು ನಿಂತಿರುವ ಆ ಎರಡು ತಿಂಗಳು ಬೋಟಿನ ಬ್ಯಾಟರಿಗಳನ್ನು ಬಿಚ್ಚಿ ಮನೆಗಳಿಗೆ ತರುತ್ತಾರೆ. ಚಾವಡಿಯಲ್ಲಿ ಹಲಗೆಯ ಮೇಲೆ ಸಾಲಾಗಿ ಕೂತು ಅವೂ ರಜೆ ಅನುಭವಿಸುತ್ತವೆ. ಬೋಟಿನ ಮಾಲೀಕರಾದ ಇವರ ಗೆಳೆಯರೊಬ್ಬರು ಅಂಥದ್ದೊಂದನ್ನು ಪ್ರೀತಿಯಿಂದ ಕೊಟ್ಟರು. ಮೂರು ಮಳೆಗಾಲ ಕಂಡ ಬ್ಯಾಟರಿ. ಮುಚ್ಚಳದ ಮೇಲೆ ಕೆಂಪು ಬಣ್ಣದಲ್ಲಿ ಯಾವುದೋ ತಾರೀಕು, ಅದರ ಕೆಳಗೆ "ಗಣಪ" ಎಂಬ ಹೆಸರು. ಬ್ಯಾಟರಿಗೂ ಹೆಸರಿಡುತ್ತಾರಲ್ಲ ಈ ಜನ ಎಂದು ನಾನು ನಕ್ಕೆ.

ಹಳೆಯದನ್ನೂ ಹೊಸದನ್ನೂ ಒಟ್ಟಿಗೆ ಕಟ್ಟಬಹುದೇ ಎಂಬ ಪ್ರಶ್ನೆ ಬಂದಾಗ ಇವರು ಬಾರ್ಕೂರಿನ ಗದ್ದೆಗೆ ಇಳಿದರು. "ಅಪ್ಪಯ್ಯ ಹೊಸ ಕೋಣನ್ನ ಯಾವತ್ತೂ ಹಳಿ ಕೋಣದ ಒಟ್ಟಿಗೇ ಕಟ್ಟುದ್. ಹೊಸದ್ ಕಲಿತ್ತ್, ಹಳಿದ್ಕೆ ಜೋರ್ ಬತ್ತ್." ಹೂಟೆಯ ಶಾಸ್ತ್ರ ಸೀಸ ಮತ್ತು ಆಮ್ಲಕ್ಕೂ ಅನ್ವಯಿಸುತ್ತದೆಂದು ಎಂಜಿನಿಯರಿಂಗ್ ಕಾಲೇಜುಗಳು ಇನ್ನೂ ಕಂಡುಕೊಂಡಿಲ್ಲ. ಅವರೇ ಮಂಚದ ಹಲಗೆ ಎತ್ತಿ, ಕೆಳಗೆ ಎರಡನ್ನೂ ಅಕ್ಕಪಕ್ಕ ಕೂರಿಸಿ, ವೈರು ಬಿಗಿದು, ಹಲಗೆ ಮುಚ್ಚಿ, ಹಾಸಿಗೆ ಹಾಸಿದರು. ಒಂದು ಗೇಣು ಆಚೆಗೆ ಗ್ಯಾಸ್ ಸಿಲಿಂಡರು. ಅಷ್ಟು ಸುಭದ್ರವಾದ ಸಂಸಾರ.

ಚೌತಿ ಕಳೆದ ಮೇಲೆ ಕೆರಾಡಿಗೆ ಹೊರಟೆವು. ಅಲ್ಲಿ ಇವರ ಅಕ್ಕನ ಮನೆಯಿದೆ. ಕಾಡಿನಂಚಿನ ದೊಡ್ಡ ಮನೆ, ಐದು ಕೋಣೆ, ಐದರಲ್ಲೂ ಮಂಚ. ಇವರ ಯೋಜನೆ ಏನೆಂದರೆ ಅಕ್ಕನ ಅಂಗಳದಲ್ಲಿ ಗಾಡಿ ನಿಲ್ಲಿಸಿ ಗಾಡಿಯಲ್ಲೇ ಮಲಗುವುದು. ತಮ್ಮ ಬಂದ ಎಂದು ಹಾಸಿಗೆ ಬಿಸಿಲಿಗೆ ಹಾಕಿದ ಅಕ್ಕನಿಗೆ ಇದಕ್ಕಿಂತ ಚಂದದ ಅವಮಾನ ಬೇಕೇ ಎಂದು ಕೇಳಿದೆ. "ಅಕ್ಕನಿಗೂ ಒಳಗ್ ಬಂದ್ ಕಾಂಬುಕ್ ಹೇಳುವ," ಎಂದರು.

ಹೆಮ್ಮಾಡಿಯ ಹತ್ತಿರ ಗಾಡಿ ನಿಲ್ಲಿಸಿ, ಒಲೆ ಹಚ್ಚಿ, ಆರು ಮೊಟ್ಟೆ ಬೇಯಿಸಿದರು. ಹತ್ತು ಹೆಜ್ಜೆ ಎದುರಿಗೆ ಹೋಟೆಲು. ಹೋಟೆಲಿನವರು ಹೊರಗೆ ಬಂದು ನಿಂತು ನೋಡಿದರು. ಎರಡು ಮೊಟ್ಟೆ ತಿಂದು ನಾಲ್ಕನ್ನು ಡಬ್ಬಿಗೆ ಹಾಕಿಕೊಂಡು ಮುಂದೆ ಹೊರಟೆವು. ನಾನು ಹಿಂದೆ ಮಂಚದ ಮೇಲೆ ಕೂತಿದ್ದೆ. ವಂಡ್ಸೆ ದಾಟಿದ ಮೇಲೆ ಕೆಟ್ಟ ಮೊಟ್ಟೆಯ ವಾಸನೆ ಬಂತು.

ಮೊಟ್ಟೆಯ ವಾಸನೆ ಮೊಟ್ಟೆಯಿಂದ ಬರುತ್ತದೆ ಎಂಬ ತರ್ಕದಲ್ಲಿ ನನಗೇನೂ ಲೋಪ ಕಾಣಲಿಲ್ಲ. ಡಬ್ಬಿ ತೆರೆದು ನಾಲ್ಕನ್ನೂ ಕಿಟಕಿಯಿಂದ ಆಚೆ ಎಸೆದೆ. ಇವರು ಮುಂದಿನಿಂದ "ಎಂತ ಎಸೆದದ್?" ಎಂದರು. "ನಿಮ್ಮ ಸ್ವಾತಂತ್ರ್ಯ," ಎಂದೆ. ವಾಸನೆ ಹೋಗಲಿಲ್ಲ; ಹೆಚ್ಚಿತು. ಕೂತ ಹಲಗೆ ಬಿಸಿಯಾದಂತೆ ಅನ್ನಿಸಿತು. ಕೈಯಿಟ್ಟು ನೋಡಿದೆ. ದೋಸೆ ಕಾವಲಿಯಷ್ಟಲ್ಲ, ಆದರೆ ಆ ದಾರಿ ಹಿಡಿದಿತ್ತು. ಮೂವತ್ತು ವರ್ಷ ಕಲಿಸಿದ್ದು ಆಗ ಒಮ್ಮೆಲೇ ನೆನಪಾಯಿತು. ಸೀಸದ ಬ್ಯಾಟರಿ ಮಿತಿಮೀರಿ ಕಾದರೆ ಈ ವಾಸನೆಯೇ ಬರುವುದು. ಅದರ ಜೊತೆಗೆ ವಾಸನೆಯೇ ಇಲ್ಲದ ಇನ್ನೊಂದು ಅನಿಲವೂ ಬರುತ್ತದೆ. ಒಂದು ಕಿಡಿ ಸಿಕ್ಕರೆ ಅದು ಸಿಡಿಯುತ್ತದೆ. ಅದರ ಮೇಲೆ ನಾನು ಕಾಲು ಮಡಚಿ ಕೂತಿದ್ದೆ. ಪಕ್ಕದಲ್ಲಿ ಗ್ಯಾಸ್ ಸಿಲಿಂಡರು. ಮುಂದೆ ಇವರು, ಹಳೆಯ ಹಾಡೊಂದನ್ನು ಗುನುಗುತ್ತ.

ಗಾಡಿ ನಿಲ್ಲಿಸಿ ಎಂದು ಕಿರುಚಿದೆ. ಭಾಸ್ಕರನಿಗೆ ಫೋನು ಮಾಡಿದೆ. ಭಾಸ್ಕರ ಗಂಗೊಳ್ಳಿಯ ಬೋಟುಗಳಿಗೆ ವೈರಿಂಗ್ ಮಾಡುವವನು. ನನ್ನ ವಿದ್ಯಾರ್ಥಿ, ನನ್ನ ವಿಷಯದಲ್ಲಿ ಎರಡು ಸಲ ನಪಾಸಾದವನು.

"ಟೀಚರೆ, ಮೊದ್ಲ್ ಎಂಜಿನ್ ಬಂದ್. ಸಿಲಿಂಡರ್ ಬಂದ್ ಮಾಡಿ. ಬಾಗ್ಲ್, ಕಿಟ್ಕಿ ಎಲ್ಲ ತೆಗ್ದ್ ಹೊರಗ್ ಬನ್ನಿ. ಒಳಗಿನ ಸ್ವಿಚ್ ಒಂದೂ ಮುಟ್ಬೇಡಿ, ಫ್ರಿಜ್ಜಿಂದೂ ಬ್ಯಾಡ. ನಾ ಈಗ್ಳೇ ಬತ್ತೆ."

ಹೊರಗೆ ಬಂದೆವು, ಇನ್ಸುಲಿನ್ನಿನ ಡಬ್ಬಿ ಎದೆಗವಚಿಕೊಂಡು. ರಸ್ತೆ ಬದಿಯಲ್ಲಿ ನಿಂತೆವು. ಇವರ ಮುಖ ಬಿಳಿಚಿತ್ತು; ಮಧ್ಯಾಹ್ನದ ಚುಚ್ಚುಮದ್ದಿಗೆ ಅರ್ಧ ಗಂಟೆ ಇತ್ತು, ಬಿಸಿಲು ನೆತ್ತಿಯ ಮೇಲಿತ್ತು. ಆಗ ರಿಕ್ಷಾದಲ್ಲಿ ಮೀನು ಮಾರುವ ಹೆಂಗಸೊಬ್ಬಳು ಬಂದು ನಿಲ್ಲಿಸಿದಳು. ಬಾಗಿಲು ಕಿಟಕಿ ತೆರೆದುಕೊಂಡು ನಿಂತ ನಮ್ಮ ಗಾಡಿಯನ್ನೂ ಒಳಗಿನ ಮಂಚವನ್ನೂ ಒಮ್ಮೆ ಪೂರ್ತಿ ನೋಡಿದಳು.

"ಹ್ವಾಯ್, ಎಂತ ಆಯ್ತ್? ಹಾಳಾದ್ ಗಾಡಿಯಾ, ಮನಿಯಾ?"

"ಎರಡೂ," ಎಂದೆ.

"ಎರಡನ್ನೂ ಒಂದೇ ಕಡಿಗ್ ಇಟ್ರೆ ಮತ್ತೆಂತ ಆತ್ತ್!" ಎಂದಳು. ನಾನು ನಾಲ್ಕು ತಿಂಗಳಿಂದ ಹೇಳಲು ಒದ್ದಾಡುತ್ತಿದ್ದ ಮಾತನ್ನು ಅವಳು ರಿಕ್ಷಾದಿಂದ ಇಳಿಯದೆ ಹೇಳಿಬಿಟ್ಟಳು. ಡಬ್ಬಿಯಲ್ಲಿ ಏನೆಂದು ತಿಳಿದ ಮೇಲೆ ಮಾತ್ರ ತಮಾಷೆ ನಿಲ್ಲಿಸಿ, ಮೀನಿನ ಪೆಟ್ಟಿಗೆಯಿಂದ ಎರಡು ಬೊಗಸೆ ಐಸು ತೆಗೆದು ಪ್ಲಾಸ್ಟಿಕ್ಕಿಗೆ ಹಾಕಿಕೊಟ್ಟಳು. ಮದ್ದು ಹೆಪ್ಪುಗಟ್ಟಬಾರದು ಎಂದು ಡಬ್ಬಿಗೆ ನನ್ನ ಟವೆಲು ಸುತ್ತಿ ಐಸಿನ ಮೇಲೆ ಇಟ್ಟೆ. ಫ್ರಿಜ್ಜು, ಎರಡು ಬ್ಯಾಟರಿ, ಚಾರ್ಜು ಮಾಡುವ ಯಂತ್ರ ಎಲ್ಲ ಸೇರಿ ಮಾಡಲಾಗದ ಕೆಲಸವನ್ನು ಭೂತಾಯಿ ಮೀನಿನ ಐಸು ಮಾಡಿತು. ಇವರು ಹೊತ್ತಿಗೆ ಸರಿಯಾಗಿ ಚುಚ್ಚಿಕೊಂಡು, ಅಲ್ಲೇ ಮೋರಿಯ ಕಟ್ಟೆಯ ಮೇಲೆ ಕೂತು ಬಿಸ್ಕತ್ತು ತಿಂದರು. ನನ್ನ ಮುಖ ನೋಡಲಿಲ್ಲ.

ಭಾಸ್ಕರ ಸ್ಕೂಟರಿನಲ್ಲಿ ಬಂದ. ಗಾಳಿಯಾಡಲೆಂದು ಇನ್ನೂ ಸ್ವಲ್ಪ ಹೊತ್ತು ಕಾದ. ಕೈಯ ಉಂಗುರ, ವಾಚು ತೆಗೆದು ಕಿಸೆಗೆ ಹಾಕಿದ. ಅವನ ಸ್ಪ್ಯಾನರಿನ ಹಿಡಿಗೆ ಸೈಕಲ್ ಟ್ಯೂಬು ಸುತ್ತಿತ್ತು. ಜಾರಿ ಎರಡು ತುದಿಗೂ ತಾಗಿದರೆ ಸ್ಪ್ಯಾನರೇ ಕೆಂಡವಾಗುತ್ತದಂತೆ. ಮಂಚದ ಹಲಗೆ ಎತ್ತಿದ. ಗಣಪನ ಹೊಟ್ಟೆ ಉಬ್ಬಿತ್ತು. ಭಾಸ್ಕರ ಮೊದಲು ಮೈನಸ್ ಕಡೆಯದನ್ನು ಬಿಚ್ಚಿದ, ಆಮೇಲೆ ಪ್ಲಸ್. ಬಿಚ್ಚುತ್ತಲೇ ಬೈದ.

"ಹಳಿದ್ರಲ್ ಒಂದ್ ಸೆಲ್ ಸತ್ತಿತ್ತ್. ಹೊಸದ್ ಪಾಪ, ತನ್ ಶಕ್ತಿಯೆಲ್ಲ ಅದ್ಕೇ ಸುರಿತಾ ಇದ್ದಿತ್ತ್. ಎಂಜಿನ್ ಕೊಟ್ಟದ್ದೂ ಅದ್ಕೇ. ಬಿಸಿ ಆಗ್ದೆ ಇನ್ನೆಂತ ಮಾಡ್ತ್? ಮತ್ ಫ್ಯೂಸ್ ಎಲ್ಲಿತ್ತ್?" ವೈರಿನ ಉದ್ದಕ್ಕೂ ಬೆರಳಾಡಿಸಿದ. "ಫ್ಯೂಸೇ ಇಲ್ಯಲೆ! ಟೀಚರೆ, ಬ್ಯಾಟರಿ ಹತ್ರವೇ ಫ್ಯೂಸ್ ಇರ್ಕ್, ವೈರ್ ಎಷ್ಟೇ ಗಿಡ್ಡ ಇರ್ಲಿ ಅಂದೇಳಿ ನೀವೇ ಅಲ್ದಾ ಕಲ್ಸಿದ್? ಇದ್ ಯಾರ್ ಕಟ್ಟಿದ್?"

"ನಾನೇ," ಎಂದರು ಇವರು.

"ನಾನು ಆಗಲೇ ಹೇಳಿದ್ದೆ," ಎಂದೆ ನಾನು. "ಹಳೆಯದನ್ನು ಕಟ್ಟಬೇಡಿ ಎಂದಿದ್ದೆ. ಫ್ಯೂಸ್ ಹಾಕಿ ಎಂದಿದ್ದೆ. ಕೋಣದ ಕತೆ ಹೇಳಿದರು."

ಇವರು ಏನೋ ಹೇಳಲು ಬಾಯಿ ತೆರೆದು, ಭಾಸ್ಕರನ ಕಡೆ ನೋಡಿ, "ಹ್ಞಾಂ," ಎಂದರು. ಅದನ್ನು ನಾನು ತಪ್ಪೊಪ್ಪಿಗೆ ಎಂದು ಓದಿಕೊಂಡೆ. ಕೆರಾಡಿಗೆ ಹೋಗಲಿಲ್ಲ. ಬ್ರಹ್ಮಾವರ ಮುಟ್ಟುವವರೆಗೂ ನಾನು ಮಾತಾಡಿದೆ. ಗಡ್ಡದವರು, ಕೋಣಗಳು, ಮುಂಬಯಿ, ಯಾರನ್ನೂ ಬಿಡಲಿಲ್ಲ. ಇವರು ಗೇರು ಬದಲಿಸುತ್ತ ಬಂದರು.

ಮನೆಗೆ ಬಂದು ಕೈಕಾಲು ತೊಳೆದವಳೇ ದಿನಚರಿ ತೆಗೆದೆ. ಬಾಯಿಮಾತಿಗಿಂತ ದಾಖಲೆ ದೊಡ್ಡದು. ಬ್ಯಾಟರಿ ಜೋಡಿಸಿದ ದಿನದ ಪುಟ ಹುಡುಕಿ, ಅವರೆದುರು ಗಟ್ಟಿಯಾಗಿ ಓದಬೇಕೆಂದು ನಿಶ್ಚಯ ಮಾಡಿದ್ದೆ. ಪುಟ ಸಿಕ್ಕಿತು. ನನ್ನದೇ ಅಕ್ಷರ, ನನ್ನದೇ ನೀಲಿ ಶಾಯಿ.

"ಇವತ್ತು ಎರಡನೆಯ ಬ್ಯಾಟರಿ ಕಟ್ಟಿದರು. ಹಳೆಯದು ಆದೀತಾ ಎಂದು ನನ್ನನ್ನು ಕೇಳಿದರು. ಸಮಾನಾಂತರ ಜೋಡಣೆ, ವೋಲ್ಟೇಜು ಒಂದೇ, ಸಾಮರ್ಥ್ಯ ಕೂಡುತ್ತದೆ, ಧಾರಾಳ ಆಗುತ್ತದೆ ಎಂದೆ. ಫ್ಯೂಸ್ ಬೇಕಾ ಎಂದರು. ಮೊಳದುದ್ದದ ವೈರಿಗೆ ಫ್ಯೂಸ್ ಯಾಕೆ ಎಂದೆ. ಭಾಸ್ಕರನನ್ನು ಒಮ್ಮೆ ಕೇಳುವ ಎಂದರು. ಎರಡು ಸಲ ಫೇಲಾದವನನ್ನು ನಾನು ಕೇಳಬೇಕಾ ಎಂದು ನಕ್ಕೆ. ಸಂಜೆ ಪತ್ರೊಡೆ."

ಎರಡು ಸಲ ಓದಿದೆ. ಪತ್ರೊಡೆಯವರೆಗೂ ಎಲ್ಲ ಸ್ಪಷ್ಟವಾಗಿತ್ತು.

ನನಗೆ ವಿಚಿತ್ರವೆನಿಸಿದ್ದು ಸುಳ್ಳು ಹೇಳಿದೆ ಎಂಬುದಲ್ಲ. ನಾನು ಸುಳ್ಳು ಹೇಳಿರಲಿಲ್ಲ ಎಂಬುದು. ಎಚ್ಚರಿಸಿದ್ದು ನನಗೆ ಚೆನ್ನಾಗಿ ನೆನಪಿತ್ತು. ನನ್ನ ದನಿ, ಎತ್ತಿದ ಬೆರಳು, "ವೈರು ಎಷ್ಟೇ ಗಿಡ್ಡವಿರಲಿ" ಎಂಬ ಆ ಮಾತು. ಬಹಳ ಹೊತ್ತು ಕೂತು ಯೋಚಿಸಿದ ಮೇಲೆ ಆ ನೆನಪಿನ ಹಿಂದೆ ಕಪ್ಪು ಹಲಗೆಯೊಂದು ಕಂಡಿತು. ಹೌದು, ಆ ಮಾತು ಹೇಳಿದ್ದೆ. ಪ್ರತಿ ವರ್ಷ ಹೇಳಿದ್ದೆ. ಭಾಸ್ಕರ ಕೂತಿದ್ದ ಕ್ಲಾಸಿನಲ್ಲೂ ಹೇಳಿದ್ದೆ. ಅಂಗಳದಲ್ಲಿ ಹೇಳಿರಲಿಲ್ಲ, ಅಷ್ಟೇ. ನನ್ನ ನೆನಪು ಅದನ್ನು ಕಾಲೇಜಿನಿಂದ ಎತ್ತಿ ತಂದು, ಅಂಗಳದಲ್ಲಿ ಇಟ್ಟು, ನಾನು ಸರಿಯಿದ್ದೆ ಎಂದು ನನಗೇ ತೋರಿಸಿತ್ತು. ನಪಾಸಾದವನಿಗೆ ಪಾಠ ನೆನಪಿತ್ತು. ಪಾಠ ಮಾಡಿದವಳಿಗೆ ಪಾಠ ಮಾಡಿದ್ದು ಮಾತ್ರ ನೆನಪಿತ್ತು.

ಪುಟ ಮುಚ್ಚಿಡಬಹುದಿತ್ತು. ಇವರು ನನ್ನ ದಿನಚರಿ ಮುಟ್ಟುವವರಲ್ಲ. ಮುಚ್ಚಿಯೂ ಇಟ್ಟೆ, ಒಂದು ಲೋಟ ಚಹಾ ಮುಗಿಯುವಷ್ಟು ಹೊತ್ತು. ಆಮೇಲೆ ಹೊರಗೆ ಚಾವಡಿಗೆ ಹೋಗಿ, ಅವರೆದುರು ನಿಂತು, ನಿಶ್ಚಯ ಮಾಡಿದ್ದಂತೆ ಗಟ್ಟಿಯಾಗಿ ಓದಿದೆ. ಪತ್ರೊಡೆಯನ್ನೂ ಬಿಡಲಿಲ್ಲ.

"ನಂಗ್ ನೆನಪಿತ್ತ್," ಎಂದರು.

"ಮತ್ತೆ ಅಲ್ಲೇ ಯಾಕೆ ಹೇಳಲಿಲ್ಲ?"

"ಭಾಸ್ಕರ ಇದ್ದಿದ್ದ. ಅವನಿಗ್ ನೀನ್ ಟೀಚರ್ ಅಲ್ದಾ."

ಗಾಡಿ ತಂದ ದಿನದಿಂದ ಇವರನ್ನು ಅಷ್ಟು ಹೀಯಾಳಿಸಿದ ನಾನು ದಿನಚರಿ ಮುಚ್ಚಿ, ಒಳಗೆ ಹೋಗಿ ಅವರಿಗೂ ಒಂದು ಲೋಟ ಚಹಾ ತಂದೆ. ಮಾತು ತಂದಿದ್ದರೆ ಅದೂ ಕಾಲೇಜಿನಿಂದ ತಂದದ್ದೇ ಇರುತ್ತಿತ್ತೇನೋ.

ಮುಂದಿನ ವಾರ ಭಾಸ್ಕರನೇ ಬಂದ. ಗಣಪನನ್ನು ಸಾಕಿ ಸೊರಗಿದ್ದ ನಮ್ಮ ಹೊಸ ಬ್ಯಾಟರಿಯನ್ನೂ ತೆಗೆಸಿ, ಒಂದೇ ಜಾತಿಯ, ಒಂದೇ ಅಳತೆಯ, ಒಂದೇ ದಿನ ಅಂಗಡಿಯಿಂದ ಹೊರಬಂದ ಎರಡನ್ನು ತರಿಸಿದ. ಮಂಚದಡಿಯ ಸಂಸಾರ ಮುಗಿಯಿತು. ಗಾಡಿಯ ಹಿಂಬದಿಯಲ್ಲಿ ಬೇರೆಯೇ ಪೆಟ್ಟಿಗೆ, ಅನಿಲ ಹೊರಗೆ ಹೋಗಲು ಕೊಳವೆ, ಅಲ್ಲಾಡದಂತೆ ಪಟ್ಟಿ, ಒಂದೊಂದಕ್ಕೂ ಕೈಯಳತೆಯಲ್ಲಿ ಒಂದೊಂದು ಫ್ಯೂಸು. ವೈರುಗಳನ್ನು ಒಂದೇ ಉದ್ದಕ್ಕೆ ಕತ್ತರಿಸಿದ. ಪ್ಲಸ್ ಒಂದರಿಂದ ಎಳೆದ, ಮೈನಸ್ ಇನ್ನೊಂದರಿಂದ. ಆಗ ಎರಡೂ ಸಮನಾಗಿ ದುಡಿಯುತ್ತವೆ, ಒಂದು ಕೂತು ತಿನ್ನುವುದಿಲ್ಲ ಎಂದ. ಗಡ್ಡದವರ ವಿಡಿಯೋದಲ್ಲಿ ಇದು ಯಾವುದೂ ಇರುವುದಿಲ್ಲ. ಇದನ್ನು ನೋಡುತ್ತ ಚಹಾ ಕುಡಿಯಲು ಆಗುವುದಿಲ್ಲ. ನಾನು ಟಾರ್ಚು ಹಿಡಿದಿದ್ದೆ. "ಟೀಚರೆ, ಬಳೆ ತೆಗಿರಿ," ಎಂದ. ತೆಗೆದೆ.

ಎಲ್ಲ ಮುಗಿದ ಮೇಲೆ ಚೀಲದಿಂದ ಕೆಂಪು ಬಣ್ಣದ ಡಬ್ಬಿ, ಕುಂಚ ತೆಗೆದ. ಮುಚ್ಚಳದ ಮೇಲೆ ತಾರೀಕು ಬರೆದ. ಗಣಪ ಯಾರು ಎಂದು ಆಗ ಕೇಳಿದೆ.

"ಆ ಬೋಟಿನ ತಾಂಡೇಲ, ಬೋಟ್ ನಡ್ಸುವವ. ಅವ ಹೀಂಗ್ ಕಟ್ಟ್ ಅಂದ, ನಾ ಕಟ್ಟಿದೆ, ಅವನ್ ಹೆಸ್ರ್ ಬರ್ದೆ. ಬೋಟ್ ಕಡಲಲ್ ನಿಂತ್ರೆ ತಾಂಡೇಲನಿಂದ ಹಿಡ್ದ್ ಅಡ್ಗಿ ಮಾಡುವವನ ತನಕ ಎಲ್ಲರೂ 'ನಾ ಆಗ್ಳೇ ಹೇಳಿದ್ದೆ' ಅಂತ್ರ್ ಟೀಚರೆ. ಅದ್ಕೇ ಹೇಳಿದವರ ಹೆಸ್ರ್ ಮುಚ್ಚಳದ್ ಮೇಲೆ." ಕುಂಚ ಎತ್ತಿ ಹಿಡಿದು ನಮ್ಮಿಬ್ಬರನ್ನೂ ನೋಡಿದ. "ಇದ್ಕೆ ಯಾರ್ ಹೆಸ್ರ್ ಬರಿಲಿ?"

"ನಿನ್ನದೇ ಬರಿ, ನೀನೇ ಅಲ್ದಾ ಹೇಳಿದ್," ಎಂದರು ಇವರು.

"ನನ್ನದು ಬರೆ," ಎಂದೆ. "ಅವನಿಗೆ ಹೇಳಿಕೊಟ್ಟದ್ದು ನಾನು. ನಿಮಗೆ ಹೇಳದೇ ಇದ್ದದ್ದೂ ನಾನೇ."

ಭಾಸ್ಕರನಿಗೆ ಎರಡನೆಯದು ಅರ್ಥವಾಗಲಿಲ್ಲ. ಅವನಿಗೆ ನಾನು ಇನ್ನೂ ಟೀಚರೇ. ನನ್ನ ಹೆಸರನ್ನು ದೊಡ್ಡ ಅಕ್ಷರದಲ್ಲಿ ಬರೆದ.

ಮೊನ್ನೆ ಕೆರಾಡಿಗೆ ಹೋಗಿ ಬಂದೆವು. ಅಕ್ಕನ ಅಂಗಳದಲ್ಲಿ, ಗಾಡಿಯಲ್ಲೇ ಮಲಗಿದೆವು. ಅಕ್ಕ ಎರಡು ದಿನ ಸರಿಯಾಗಿ ಮಾತಾಡಲಿಲ್ಲ, ಅದು ನ್ಯಾಯವೇ. ನಾಲ್ಕು ದಿನವೂ ಫ್ರಿಜ್ಜು ನಿಲ್ಲಲಿಲ್ಲ. ಇನ್ಸುಲಿನ್ನಿನ ಡಬ್ಬಿ ಮುಟ್ಟಿದಾಗಲೆಲ್ಲ ತಣ್ಣಗೆ. ಮನೆಗಾಡಿಯ ಬಗ್ಗೆ ನನ್ನ ಅಭಿಪ್ರಾಯ ಒಂದಿಷ್ಟೂ ಬದಲಾಗಿಲ್ಲ. ವಾಪಸು ಬರುವಾಗ ವಂಡ್ಸೆಯ ಅದೇ ಮೋರಿಯ ಹತ್ತಿರ ಇವರು ಹಿಂದೆ ತಿರುಗಿ, "ಕಂಡ್ಯಾ, ಎಷ್ಟ್ ಲಾಯ್ಕ್ ಓಡ್ತಾ ಇತ್ತ್," ಎಂದರು. ನಾನು ಆಗಲೇ ಹೇಳಿದ್ದೆನಲ್ಲ ಎಂಬ ಮಾತು ನಾಲಿಗೆಯ ತುದಿಯವರೆಗೂ ಬಂತು. ಹೇಳುವ ಮೊದಲು ನೆನಪಿನ ಹತ್ತಿರ ಕೇಳಿದೆ. ಅದು ತಡವರಿಸದೆ ಹೌದು, ಹೇಳಿದ್ದಿ, ಎಂದಿತು. ಮಾತು ನುಂಗಿ, ಡಬ್ಬಿಯಿಂದ ಒಂದು ಮೊಟ್ಟೆ ಸುಲಿದು ಅವರ ಕೈಗೆ ಕೊಟ್ಟೆ.